ಮಂಗಟ್ಟೆಯ ಸೀಲು ಒಡೆದ ಪ್ರಕರಣ

ಒಳ್ಳೆಯದು ಮಾಡಲು ಹೊರಟವನನ್ನು ತಡೆಯುವುದು ಬಹಳ ಕಷ್ಟ. ಕೆಟ್ಟದ್ದು ಮಾಡುವವನಿಗೆ ಒಂದಿಷ್ಟಾದರೂ ಅಳುಕಿರುತ್ತದೆ. ಅತ್ತಿತ್ತ ನೋಡುತ್ತಾನೆ, ಯಾರಾದರೂ ಕೆಮ್ಮಿದರೆ ಓಡುತ್ತಾನೆ. ಒಳ್ಳೆಯದು ಮಾಡುವವನು ಏಣಿ ತರಿಸುತ್ತಾನೆ. ನಾನು ಏಣಿ ತರಿಸಿದವನು. ಎಪ್ಪತ್ತಮೂರನೆಯ ವಯಸ್ಸಿನಲ್ಲಿ, ಜನಕಪುರಿಯ ನಮ್ಮ ಬ್ಲಾಕಿನ ಪಾರ್ಕಿನಲ್ಲಿ, ಬೆಳಗಿನ ಹನ್ನೊಂದು ಗಂಟೆಗೆ, ನಾಲ್ಕು ಜನರ ಎದುರಿಗೆ, ಮೊಟ್ಟೆಯ ಮೇಲೆ ಕೂತಿದ್ದ ಒಬ್ಬ ತಾಯಿಯ ಮನೆಯ ಬಾಗಿಲು ಒಡೆದೆ. ಆಕೆ ಹಕ್ಕಿ ಎಂಬುದರಿಂದ ತಪ್ಪೇನೂ ಕಡಿಮೆಯಾಗುವುದಿಲ್ಲ. ಆ ನಾಲ್ವರು ಚಪ್ಪಾಳೆ ಬೇರೆ ತಟ್ಟಿದರು. ಅದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಬೇರೆ ಯಾರಾದರೂ ಒಡೆದಿದ್ದರೆ ಹೋಗಲಿ ಅನ್ನಬಹುದಿತ್ತು. ನನ್ನ ಕಸುಬೇ ಮುದ್ರೆ ಒತ್ತುವುದಾಗಿತ್ತು. ಹಿರಿಯೂರಿನ ಹೈಸ್ಕೂಲಿಗೆ ನನ್ನ ಓದು ಮುಗಿಯಿತು. ಅಷ್ಟರ ಮೇಲೆ ದೆಹಲಿಯ ಒಂದು ಸರ್ಕಾರಿ ಕಚೇರಿಯ ಟಪಾಲು ವಿಭಾಗದಲ್ಲಿ ಕೆಲಸ ಸಿಕ್ಕಿತು. ಮೂವತ್ತಾರು ವರ್ಷ ನಾನು ಮಾಡಿದ್ದೆಂದರೆ ಗುಟ್ಟಿನ ಲಕೋಟೆಗಳಿಗೆ ಅರಗು ಹಾಕಿದ್ದು. ಮೇಣದ ಬತ್ತಿಯಲ್ಲಿ ಅರಗಿನ ಕಡ್ಡಿ ಕಾಯಿಸಬೇಕು, ಲಕೋಟೆಯ ಬಾಯಿ ಕೂಡುವ ಕಡೆ ತೊಟ್ಟಿಕ್ಕಿಸಬೇಕು, ಹಿತ್ತಾಳೆಯ ಮುದ್ರೆಗೆ ಒದ್ದೆ ಬಟ್ಟೆ ಸವರಿ ಒತ್ತಬೇಕು. ಅರಗು ತೀರಾ ಬಿಸಿಯಾದರೆ ಹರಿಯುತ್ತದೆ, ಆರಿದರೆ ಬಿರುಕು ಬಿಡುತ್ತದೆ. ಒಳಗೆ ಏನಿದೆಯೆಂದು ನಾನು ಒಂದು ದಿನವೂ ಬೆಳಕಿಗೆ ಹಿಡಿದು ನೋಡಲಿಲ್ಲ. ಹಾಗೆ ನೋಡುತ್ತಿದ್ದ ಹೊಸಬರಿಗೆ, "ಮುದ್ರೆ ಒಡೆಯುವ ಹಕ್ಕು ವಿಳಾಸದಾರನಿಗೆ ಮಾತ್ರ ಕಣಯ್ಯಾ" ಎಂದು ಉಪದೇಶ ಮಾಡುತ್ತಿದ್ದೆ. ಅಂಥವನು ನಿವೃತ್ತನಾಗಿ ಹದಿಮೂರು ವರ್ಷಕ್ಕೆ ಸ್ಕ್ರೂಡ್ರೈವರ್ ಹಿಡಿದು ಏಣಿ ಹತ್ತಿದ.

ಹತ್ತಿಸಿದ್ದು ಒಂದು ಪದವಿ. ಎರಡು ವರ್ಷದ ಹಿಂದೆ ನಮ್ಮ ಬಾಲ್ಕನಿಯ ಎದುರಿನ ತಂತಿಯಲ್ಲಿ, ಗಾಳಿಪಟದ ದಾರ ರೆಕ್ಕೆಗೆ ಸುತ್ತಿಕೊಂಡು ಒಂದು ಹದ್ದು ನೇತಾಡುತ್ತಿತ್ತು. ನಾನು ಗಾಯಗೊಂಡ ಹಕ್ಕಿಗಳ ಸಹಾಯವಾಣಿಗೆ ಫೋನ್ ಮಾಡಿದೆ. ಅವರು ಬಂದು ಇಳಿಸಿಕೊಂಡು ಹೋದರು. ಫೋನ್ ಮಾಡಿದ್ದಷ್ಟೇ ನನ್ನ ಸಾಧನೆ. ಆದರೆ ನಮ್ಮ ಬ್ಲಾಕಿನ ಕಾರ್ಯದರ್ಶಿ ಚಡ್ಢಾಜೀ, ಬ್ಯಾಂಕಿನಲ್ಲಿದ್ದು ನಿವೃತ್ತರಾದ ಪಂಜಾಬಿ, ವಾಟ್ಸಾಪ್ ಗುಂಪಿನಲ್ಲಿ ನನ್ನನ್ನು ಪಶುಪಕ್ಷಿ ಇನ್‌ಚಾರ್ಜ್ ಎಂದು ಘೋಷಿಸಿದರು. ನನ್ನ ಹೆಸರು ರಂಗಪ್ಪ. ಇಲ್ಲಿ ಕರ್ನಾಟಕದವರೆಲ್ಲ ರಾವ್ ಸಾಬ್, ಹಾಗಾಗಿ ನಾನೂ ರಾವ್ ಸಾಬ್. ರಾವ್ ಸಾಬ್ ಇನ್‌ಚಾರ್ಜ್. ಮೂವತ್ತಾರು ವರ್ಷದಲ್ಲಿ ನನಗೆ ಯಾರೂ ಒಂದು ಸ್ಟೂಲಿನ ಇನ್‌ಚಾರ್ಜೂ ಕೊಟ್ಟಿರಲಿಲ್ಲ. ಅಂದಿನಿಂದ ನನ್ನ ನಡಿಗೆ ಬದಲಾಯಿತೆಂದು ಹೆಂಡತಿ ಶಾರದೆ ಹೇಳುತ್ತಾಳೆ. ಕೈ ಹಿಂದೆ ಕಟ್ಟಿಕೊಂಡು ನಡೆಯತೊಡಗಿದೆನಂತೆ.

ಹಾಗೆ ಕೈ ಕಟ್ಟಿಕೊಂಡು ನಡೆಯುವಾಗಲೇ ಈ ಏಪ್ರಿಲ್‌ನಲ್ಲಿ, ಪಾರ್ಕಿನ ಹಿಂಗೋಡೆಯ ಹತ್ತಿರದ ಹಳೆಯ ಬೇವಿನ ಮರ ನೋಡಿದೆ. ಎರಡಾಳೆತ್ತರದಲ್ಲಿ ಒಂದು ಪೊಟರೆ. ಅದಕ್ಕೆ ಯಾರೋ ನಯವಾಗಿ ಗಿಲಾವು ಮಾಡಿ ಮುಚ್ಚಿದ್ದರು. ಟಪಾಲು ಡಬ್ಬಿಯ ಬಾಯಿಯನ್ನು ಉದ್ದಕ್ಕೆ ನಿಲ್ಲಿಸಿದಂಥ ಒಂದೇ ಸೀಳು. ಅದರಿಂದ ಒಂದು ಕೊಕ್ಕು ಹೊರಗೆ ಬಂತು, ಒಳಗೆ ಹೋಯಿತು. ನನಗೆ ಅರ್ಥವಾಗಿಹೋಯಿತು. ಜೀವಂತ ಹಕ್ಕಿಯನ್ನು ಗೋಡೆ ಕಟ್ಟಿ ಹೂತಿದ್ದಾರೆ. ಸಾಲದ್ದಕ್ಕೆ, ಬೂದು ಬಣ್ಣದ, ಕೊಕ್ಕಿನ ಮೇಲೆ ಕೊಂಬಿರುವ ಒಂದು ದೊಡ್ಡ ಹಕ್ಕಿ ಮತ್ತೆ ಮತ್ತೆ ಬಂದು ಆ ಸೀಳಿಗೆ ಕೊಕ್ಕು ಚುಚ್ಚುತ್ತಿತ್ತು. ಕೈಲಾಗದವಳನ್ನು ಕುಕ್ಕಲು ಬಂದ ಪುಂಡ ಎಂದುಕೊಂಡೆ. ಎರಡು ದಿನ ಮರದ ಕೆಳಗೆ ನಿಂತು ಕೊಡೆ ಬೀಸಿ ಅದನ್ನು ಓಡಿಸಿದೆ. ಬಹಳ ಹಠದ ಹಕ್ಕಿ. ನಾನು ಊಟಕ್ಕೆ ಹೋದರೆ ಬರುತ್ತಿತ್ತು. ಎರಡನೆಯ ದಿನ ಊಟವನ್ನೇ ಅಲ್ಲಿಗೆ ತರಿಸಿಕೊಂಡೆ.

ಅಪರಾಧಿ ಯಾರೆಂದು ಕಂಡುಹಿಡಿಯಲು ಕಷ್ಟವಾಗಲಿಲ್ಲ. ಪಾರ್ಕಿನಲ್ಲಿ ಮಣ್ಣಿನ ಬಕೆಟ್ ಹಿಡಿದು ಓಡಾಡುವವನು ಮಾಲಿ ರಾಮ್‌ದೀನ್ ಒಬ್ಬನೇ. ಮೂರು ಪ್ರತಿಯಲ್ಲಿ ದೂರು ಬರೆದೆ. ಚಡ್ಢಾಜೀ ಅವನನ್ನು ಕರೆಸಿದರು. ರಾಮ್‌ದೀನನಿಗೆ ಅರವತ್ತರ ಹತ್ತಿರ. ತಲೆಗೆ ಗಮ್ಛಾ ಸುತ್ತಿಕೊಂಡು ನಿಧಾನವಾಗಿ ಮಾತಾಡುವವನು.

"ಬಾಬೂಜಿ, ಅದು ಧನೇಶ್ ಹಕ್ಕಿ. ಅದು ತನ್ನನ್ನು ತಾನೇ ಮುಚ್ಚಿಕೊಳ್ಳುತ್ತೆ" ಎಂದ.

"ಅಚ್ಛಾ? ಯಾವ ಹೆಂಗಸು ತನ್ನ ಸುತ್ತ ತಾನೇ ಗೋಡೆ ಕಟ್ಟಿಕೊಳ್ತಾಳಪ್ಪ?" ಎಂದು ನಾನು ನಕ್ಕೆ. ಚಡ್ಢಾಜೀಯೂ ನಕ್ಕರು. ವಿಚಾರಣೆ ಮುಗಿಯುವವರೆಗೆ ರಾಮ್‌ದೀನ್ ಪಾರ್ಕಿಗೆ ಕಾಲಿಡಬಾರದೆಂದು ಆಜ್ಞೆಯಾಯಿತು. ಅವನು ಬಕೆಟ್ ಕವುಚಿಟ್ಟು ಹೊರಟುಹೋದ.

ಮಾರನೆಯ ದಿನ ಎಲೆಕ್ಟ್ರಿಶಿಯನ್ನನ ಏಣಿ ಬಂತು. ಅವನು ಕೆಳಗೆ ಹಿಡಿದುಕೊಂಡ, ನಾನು ಹತ್ತಿದೆ. ಗಿಲಾವು ಕಲ್ಲಿನಂತಿತ್ತು. ಕುಕ್ಕಿ ಕುಕ್ಕಿ ಹೋಳು ಹೋಳಾಗಿ ಉದುರಿಸಿದೆ. ಬಾಗಿಲು ತೆರೆದರೂ ಕೈದಿ ಹೊರಗೆ ಹಾರಲಿಲ್ಲ. ಗರಿ ಉದುರಿದ್ದ ಮೈಯನ್ನು ಇನ್ನಷ್ಟು ಒಳಕ್ಕೆ ಒತ್ತಿಕೊಂಡು ನನ್ನನ್ನೇ ನೋಡಿತು. ಆ ಕಣ್ಣಿಗೆ ಉದ್ದನೆಯ ರೆಪ್ಪೆಗೂದಲಿತ್ತು. ಹಕ್ಕಿಗೆ ರೆಪ್ಪೆಗೂದಲು ಇರುವುದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಹೊಟ್ಟೆಯ ಕೆಳಗೆ ಬೆಳ್ಳಗೆ ಏನೋ ಕಂಡಿತು. ನೋಡಲು ಬಗ್ಗಿದಾಗ ನನ್ನ ತೋರುಬೆರಳನ್ನು ಕಚ್ಚಿತು. ಇಳಿದೆ. ಚಪ್ಪಾಳೆ ಆಗಲೇ ಬಿದ್ದದ್ದು.

ಮನೆಗೆ ಬಂದು, ಬೆರಳಿಗೆ ಅರಿಶಿನ ಹಚ್ಚಿಕೊಂಡು, ಸಹಾಯವಾಣಿಗೆ ಫೋನ್ ಮಾಡಿದೆ. ಬಂಧನದಲ್ಲಿದ್ದ ಹಕ್ಕಿಯೊಂದನ್ನು ಬಿಡಿಸಿದ್ದೇನೆ, ಮುಂದೇನು ಮಾಡಬೇಕು ಎಂದು ಕೇಳಿದೆ. ಆ ಕಡೆ ಒಬ್ಬ ಹುಡುಗಿ. ನಾನು ವರ್ಣಿಸಿದ್ದನ್ನೆಲ್ಲ ಕೇಳಿದಳು.

"ಅಂಕಲ್, ಹೊರಗಿನಿಂದ ಇನ್ನೊಂದು ಹಕ್ಕಿ ಬರ್ತಿತ್ತಾ?"

"ಬರ್ತಿತ್ತಮ್ಮ. ಎರಡು ದಿನ ಹತ್ತಿರ ಸೇರಿಸಲಿಲ್ಲ ನಾನು."

"ಅದು ಗಂಡ, ಅಂಕಲ್. ಊಟ ತರ್ತಿತ್ತು."

ಉಳಿದದ್ದನ್ನೂ ಅವಳೇ ಹೇಳಿದಳು. ಹೆಣ್ಣು ಒಳಗೆ ಸೇರಿ ಹಿಕ್ಕೆ ಮತ್ತು ಮಣ್ಣಿನಿಂದ ಬಾಗಿಲು ಮುಚ್ಚಿಕೊಳ್ಳುತ್ತದೆ, ಮಣ್ಣಿನ ಉಂಡೆ ತಂದುಕೊಡುವುದು ಗಂಡು. ಮೊಟ್ಟೆಯಿಟ್ಟು ಕಾವು ಕೊಡುವಾಗ ಗರಿ ಉದುರಿ ಹಾರಲಾರದು. ವಾರಗಟ್ಟಲೆ ಆ ಸೀಳಿನಲ್ಲೇ ಊಟ. ಈಗ ಬಾಗಿಲಿಲ್ಲ. ಕಾಗೆಗೆ ತಿಳಿದರೆ ಮೊಟ್ಟೆ ಉಳಿಯುವುದಿಲ್ಲ. "ಗಂಡು ವಾಪಸ್ ಬಂದು ಅವರು ಮತ್ತೆ ಮುಚ್ಚಿಕೊಂಡರೆ ಸರಿ. ನೀವು ದಯವಿಟ್ಟು ಏನೂ ಸಹಾಯ ಮಾಡಬೇಡಿ" ಎಂದಳು. ಅಷ್ಟು ಮರ್ಯಾದೆಯಾಗಿ ನನ್ನನ್ನು ಯಾರೂ ಬೈದದ್ದಿಲ್ಲ.

ಶಾರದೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. "ನಲವತ್ತೈದು ವರ್ಷದಿಂದ ಈ ಅಡುಗೆಮನೆಯಲ್ಲಿ ನಾನಿದೀನಿ. ಒಂದು ದಿನ ಏಣಿ ತಂದ್ರಾ?" ಎಂದಳು. ನಾನು ಬೆರಳನ್ನು ಊದಿಕೊಂಡೆ.

ಸಂಜೆ ಗೇಟಿನ ಹೊರಗಿನ ಚಹಾದ ಅಂಗಡಿಯಲ್ಲಿ ರಾಮ್‌ದೀನ್ ಸಿಕ್ಕ. ದೂರು ವಾಪಸ್ ಪಡೆದಿದ್ದೇನೆ, ತಪ್ಪಾಯಿತು ಎಂದೆ. ಅವನು ಗ್ಲಾಸು ಕೆಳಗಿಟ್ಟ.

"ನನ್ನದು ಇರಲಿ ಬಾಬೂಜಿ. ಅವಳಿಗೆ ಮಣ್ಣು ಬೇಕು. ಪಾರ್ಕಿನ ನೆಲ ಹಪ್ಪಳದ ಹಾಗೆ ಒಣಗಿದೆ. ಗಂಡು ಎಲ್ಲಿಂದ ತರುತ್ತೆ? ನಾನು ಗುಲಾಬಿ ಪಾತಿಗೆ ದಿನಾ ಮಣ್ಣು ಕಲಸಿ ಹಾಕುತ್ತಿದ್ದದ್ದು ಯಾಕೆ ಅಂದುಕೊಂಡಿರಿ? ಚಲೋ, ಬಕೆಟ್ ತನ್ನಿ."

ಬಕೆಟ್ ತಂದೆ. ಅವನು ಜೇಡಿಮಣ್ಣು ಹಾಕಿದ, ನಾನು ನೀರು ಹೊತ್ತೆ. ಮರದಿಂದ ದೂರದ ಪಾತಿಯಲ್ಲಿ ಕಲಸಿಟ್ಟೆವು. ಆಮೇಲೆ ಅರವತ್ತು ಹೆಜ್ಜೆ ಆಚೆ, ಗುಲ್‌ಮೊಹರ್ ಕೆಳಗೆ ಕೂತೆ. ಆ ಸಂಜೆ ಗಂಡು ಬರಲಿಲ್ಲ. ಮಾರನೆಯ ಬೆಳಿಗ್ಗೆ ಎರಡು ಕಾಗೆಗಳು ಬೇವಿನ ಮೇಲೆ ಕೂತು ಪೊಟರೆಯ ಕಡೆ ಕತ್ತು ಓರೆ ಮಾಡಿದವು. ಎದ್ದು ಕೊಡೆ ಬೀಸೋಣವೆಂದರೆ, ಕೊಡೆ ಕಂಡರೆ ಗಂಡು ಹೆದರೀತು. ಬೀಸದಿದ್ದರೆ ಮೊಟ್ಟೆ ಹೋದೀತು. ಕೊಡೆಯನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತೆ. ನನ್ನ ಜೀವನದಲ್ಲಿ ನಾನು ಪಟ್ಟ ಅತಿ ದೊಡ್ಡ ಶ್ರಮ, ಆ ಬೆಳಿಗ್ಗೆ ಏನೂ ಮಾಡದೆ ಕೂತದ್ದು. ಒಳಗಿನಿಂದ ಕೊಕ್ಕು ಒಮ್ಮೆ ಫಕ್ಕನೆ ಹೊರಬಂತು. ಹತ್ತಿರ ಹೋಗಿದ್ದ ಕಾಗೆ ಹಾರಿ ಹಿಂದೆ ಕೂತಿತು. ನನ್ನ ಬೆರಳು ತಾನಾಗಿ ಮಡಚಿಕೊಂಡಿತು. ಆ ಕಾಗೆಯ ನೋವು ನನಗೆ ಗೊತ್ತಿತ್ತು.

ಗಂಡು ಬಂದದ್ದು ಹತ್ತು ಗಂಟೆಯ ಸುಮಾರಿಗೆ. ಮೊದಲು ಆಲದ ಹಣ್ಣು ಕೊಟ್ಟಿತು, ಒಂದೊಂದಾಗಿ, ಲೆಕ್ಕವಿಲ್ಲದಷ್ಟು. ಆಮೇಲೆ ಪಾತಿಗೆ ಇಳಿಯಿತು. ಕೊಕ್ಕಿನಲ್ಲಿ ಮಣ್ಣು ಹಿಡಿದು ಹಾರಿತು. ಪಕ್ಕಕ್ಕೆ ಬಂದು ಕೂತಿದ್ದ ರಾಮ್‌ದೀನ್ ನನ್ನ ಮೊಣಕಾಲನ್ನು ಮೆಲ್ಲಗೆ ಒತ್ತಿದ, ಅಷ್ಟೇ. ನಾಲ್ಕು ದಿನದಲ್ಲಿ ಬಾಗಿಲು ಕೆಳಗಿನಿಂದ ಮೇಲಕ್ಕೆ ಏರಿತು. ಚಡ್ಢಾಜೀಯ ದುರ್ಬೀನು ಎರವಲು ತಂದು ನೋಡಿದೆ. ಕಸುಬಿನವನಾಗಿ ಹೇಳುತ್ತೇನೆ, ಒಂದು ಸುಕ್ಕಿಲ್ಲ, ಬಿರುಕಿಲ್ಲ, ಅಂಚು ಎಲ್ಲೂ ಎದ್ದಿಲ್ಲ. ನನ್ನ ಮೂವತ್ತಾರು ವರ್ಷದ ಯಾವ ಲಕೋಟೆಯೂ ಹಾಗಿರಲಿಲ್ಲ. ನಮ್ಮ ಕಡೆಯವರೊಬ್ಬರು ಇದಕ್ಕೆ ಕನ್ನಡದಲ್ಲಿ ಮಂಗಟ್ಟೆ ಎನ್ನುತ್ತಾರೆಂದು ತಿಳಿಸಿದರು. ಹೆಸರು ತಿಳಿದ ಮೇಲೆ ನಾಚಿಕೆ ಇನ್ನಷ್ಟು ಹತ್ತಿರದ್ದಾಯಿತು.

ಮಣ್ಣು ಒಣಗಬಾರದೆಂದು ದಿನಾ ಬೆಳಿಗ್ಗೆ ಬಕೆಟ್ ಹೊರುವ ಕೆಲಸ ನನ್ನದಾಯಿತು. ಈ ಸೋಮವಾರ ಚಡ್ಢಾಜೀ ಕರೆಸಿದರು. ಎರಡನೆಯ ಮಹಡಿಗೆ ಹೊಸದಾಗಿ ಬಂದ, ಗುರುಗ್ರಾಮದಲ್ಲಿ ಕೆಲಸ ಮಾಡುವ ಹೆಣ್ಣುಮಗಳೊಬ್ಬಳು ವಾಟ್ಸಾಪ್ ಗುಂಪಿಗೆ ಫೋಟೋ ಹಾಕಿದ್ದಳು. ಒಂದು ಫೋಟೋದಲ್ಲಿ ಮುಚ್ಚಿದ ಪೊಟರೆ, ಹೊರಗೆ ಬಂದ ಕೊಕ್ಕು. ಇನ್ನೊಂದರಲ್ಲಿ ಮಣ್ಣಿನ ಬಕೆಟ್ ಹಿಡಿದ ನಾನು. ಈ ವೃದ್ಧರು ಜೀವಂತ ಹಕ್ಕಿಯನ್ನು ಗೋಡೆ ಕಟ್ಟಿ ಹೂತಿದ್ದಾರೆ, ಕ್ರಮ ಕೈಗೊಳ್ಳಿ ಎಂದು ಬರೆದಿದ್ದಳು. ನನ್ನ ದೂರಿಗಿಂತ ಚೆನ್ನಾಗಿತ್ತು. ಚಿಕ್ಕದಾಗಿತ್ತು, ಫೋಟೋ ಇತ್ತು.

"ರಾವ್ ಸಾಬ್, ಏನು ಹೇಳುತ್ತೀರಿ?" ಎಂದರು ಚಡ್ಢಾಜೀ, ನಗು ತಡೆದುಕೊಂಡು.

"ಅದು ತನ್ನನ್ನು ತಾನೇ ಮುಚ್ಚಿಕೊಳ್ಳುತ್ತೆ" ಎಂದೆ.

ರಾಮ್‌ದೀನ್ ಅಲ್ಲೇ ತುಳಸಿ ಕುಂಡಕ್ಕೆ ನೀರು ಹಾಕುತ್ತಿದ್ದ. ತಲೆಯೆತ್ತದೆ, "ಯಾವ ಹೆಂಗಸು ತನ್ನ ಸುತ್ತ ತಾನೇ ಗೋಡೆ ಕಟ್ಟಿಕೊಳ್ತಾಳೆ, ಬಾಬೂಜಿ?" ಎಂದ.

ನಿಯಮ ಎಲ್ಲರಿಗೂ ಒಂದೇ ಎಂದು ಚಡ್ಢಾಜೀ ತೀರ್ಪು ಕೊಟ್ಟರು. ಆ ಹೆಣ್ಣುಮಗಳಿಗೆ ರಾಮ್‌ದೀನ್ ಭಾನುವಾರ ಎಲ್ಲ ವಿವರಿಸುತ್ತಾನೆ, ಅಲ್ಲಿಯವರೆಗೆ ನಾನು ಪಾರ್ಕಿಗೆ ಕಾಲಿಡುವಂತಿಲ್ಲ. ಬಕೆಟ್ ಕವುಚಿಟ್ಟು ಬಂದೆ. ಪೊಟರೆಯೊಳಗಿಂದ ಈಗ ಸಣ್ಣ ದನಿಯೊಂದು ಕೇಳುತ್ತಿದೆಯಂತೆ. ರಾಮ್‌ದೀನ್ ಬಾಲ್ಕನಿಯ ಕೆಳಗೆ ನಿಂತು ದಿನಾ ವರದಿ ಒಪ್ಪಿಸುತ್ತಾನೆ. ಒಂದೇ ಒಂದು ಸಲ ಹೋಗಿ ನೋಡಿಬರಲೇ ಎಂದು ನಿನ್ನೆ ಬಾಲ್ಕನಿಯಲ್ಲಿ ಕೂತು ಶಾರದೆಯನ್ನು ಕೇಳಿದೆ. ಅವಳು ಬಾಲ್ಕನಿಯ ಬಾಗಿಲನ್ನು ಒಂದು ಕೊಕ್ಕು ತೂರುವಷ್ಟು ಮಾತ್ರ ಬಿಟ್ಟು ಎಳೆದುಕೊಂಡಳು, ಆ ಸಂದಿನಲ್ಲೇ ಕಾಫಿಯ ಲೋಟ ಕೊಟ್ಟಳು.