ತೆಂಗಿನ ಬುಡದಲ್ಲಿ ಮಾಮಾ

ನನ್ನ ಸೋದರಮಾವನಿಗೆ ಮನುಷ್ಯರ ಮುಖಕ್ಕಿಂತ ಗಿಡಗಳ ಬೇರಿನ ಗುರುತು ಚೆನ್ನಾಗಿದೆ. ನಗಬೇಡಿ! ತೇರದಾಳದ ಮದುವೆಯೊಂದರಲ್ಲಿ, ಎದುರಿಗೇ ನಿಂತು ಕೈಮುಗಿದ ಸ್ವಂತ ಬೀಗರನ್ನು "ನೀವು ಯಾರ ಪೈಕಿರಿ?" ಎಂದು ಕೇಳಿದ ಮಹಾನುಭಾವ ಅವನು. ಅದೇ ಬೀಗರ ಹಿತ್ತಲಿನ ತೆಂಗಿನ ಮರ ಕಂಡದ್ದೇ ತಡ, ಓಡಿದ. ಅದರ ಬೊಡ್ಡೆಗೆ ಹನಿ ನೀರಾವರಿಯ ಪೈಪು ಸುತ್ತಿದ್ದರು. ಪಾಯಸ ಬಡಿಸುವ ಸೌಟು ಕಿತ್ತುಕೊಂಡು ಅದರಿಂದಲೇ ಮಣ್ಣು ಕೆದಕಲು ಕುಳಿತ. ಬೀಗರು ಬಂದು, "ಊಟಕ್ಕ ಏಳ್ರಿ" ಎಂದರೆ, "ನಿಮ್ಮ ಗಿಡಾ ಉಪಾಸ ಐತಿ, ನಾ ಹ್ಯಾಂಗ ಉಣ್ಣಲಿ?" ಎಂದು ಅವರ ಮೇಲೆಯೇ ರೇಗಿದ. ಆ ಸೌಟಿನಿಂದ ಮತ್ತೆ ಯಾರಿಗೂ ಪಾಯಸ ಬಡಿಸಲಿಲ್ಲ.

ಆಗ ನನಗೂ ನಗು ಬಂದಿತ್ತು. ಈಗ ಬರುವುದಿಲ್ಲ. ಈಗ ಅವನು ಅಗೆಯುತ್ತಿರುವುದು ನಮ್ಮ ಅಂಗಳವನ್ನು!

ಅನಗವಾಡಿಯಲ್ಲಿ ನಮ್ಮ ಮನೆಗೆ ಅಂಟಿಕೊಂಡೇ ಮಾಮಾನ ಮನೆ. ಅಂಗಳದಲ್ಲಿ ಅವ್ವ ನೆಟ್ಟ ತೆಂಗು, ಅದರ ಪಕ್ಕದಲ್ಲೇ ಅವ್ವ ಮಲಗುವ ಕೋಣೆ. ಕೆಲವು ವರ್ಷಗಳ ಹಿಂದೆ, ನೀರು ಉಳಿಸುವ ಹುಮ್ಮಸ್ಸಿನಲ್ಲಿ, ಇದೇ ಮಾಮಾ ಹೊಲದಲ್ಲಿ ಮಿಕ್ಕ ಪೈಪು ತಂದು ಕಬ್ಬಿಗೆ ಹಾಕುವ ಹಾಗೆಯೇ ತೆಂಗಿನ ಬೊಡ್ಡೆಗೆ ತಾಗಿಸಿ ಕಟ್ಟಿದ. ನಲ್ಲಿ ಇದ್ದದ್ದು ಕೋಣೆಯ ಕಡೆ. ಆದ್ದರಿಂದ ನೀರೂ ಕೋಣೆಯ ಕಡೆಗಷ್ಟೇ. ನಮ್ಮ ಸೀಮೆಯವರ ಕಣ್ಣಿಗೆ ಭೂಮಿಯ ಮೇಲೆ ಬೆಳೆಯುವುದೆಲ್ಲ ಕಬ್ಬೇ ತಾನೆ! ಹೋದ ವರ್ಷ ಮುಂಗಾರಿಗೆ ಮುಂಚಿನ ಗಾಳಿ ಬೀಸಿದಾಗ ಮರ ಕೋಣೆಯ ಕಡೆ ವಾಲಿತು. ಆಚೆ ಬದಿಯ ಎರೆಮಣ್ಣು ಬಾಯಿ ಬಿಟ್ಟಿತು.

ಮಾಮಾ ಎರಡೂ ಬದಿ ಅಗೆದು ನೋಡಿದ. ಕೋಣೆಯ ಕಡೆ ಬೇರುಗಳು ಟ್ಯಾಂಕರ್ ಮುಂದೆ ಕೊಡ ಹಿಡಿದು ನಿಂತವರಂತೆ ಮುಗಿಬಿದ್ದಿದ್ದವು. ಆಚೆ ಒಣ ಮಣ್ಣಿನಲ್ಲಿ ಮರವನ್ನು ಹಿಡಿದುಕೊಳ್ಳುವಂಥದ್ದು ಏನೂ ಇರಲಿಲ್ಲ. ತೆಂಗಿಗೆ ತಾಯಿಬೇರು ಇಲ್ಲವಂತೆ, ಸುತ್ತ ಹರಡಿದ ಬೇರೇ ಅದಕ್ಕೆ ಆಧಾರವಂತೆ. ಇದನ್ನೆಲ್ಲ ಪೈಪು ಕಟ್ಟುವಾಗ ಹೇಳಬಾರದಿತ್ತೇ? ಬೀಗರ ಹಿತ್ತಲಲ್ಲಿ ಕಂಡ ತಪ್ಪು, ತಾನೇ ಮಾಡಿದಾಗ ಕಾಣಲಿಲ್ಲ!

"ಮೈಗಳ್ಳ ನನ್ನ ಮಕ್ಕಳ್ರಾ!" ಎಂದು ಬೇರುಗಳಿಗೆ ಬೈದ. "ಬಾಯಿಗೇ ನೀರ ತಂದ ಹಾಕಿದ್ರ ಇವು ಯಾಕ ಕಾಲ ಚಾಚತಾವ?"

"ತಂದ ಹಾಕಿದಾಂವ ಯಾರು ಮಾಮಾ?" ಎಂದೆ.

ಮಾಮಾ ಗುದ್ದಲಿಯ ಹಿಡಿ ಸಡಿಲವಾಗಿದೆ ಎಂದು ಗುದ್ದಲಿಗೆ ಬೈಯತೊಡಗಿದ.

ಅವ್ವನಿಗೆ ಕೋಣೆ ಬದಲಿಸು ಎಂದು ಕೈಮುಗಿದು ಕೇಳಿದೆ. ಮೊಣಕಾಲು ನೋವಿನಿಂದ ನಡೆಯಲಾಗದ ಅವಳದು ಒಂದೇ ಹಟ, "ಈ ಕ್ವಾಣಿ ಬಿಟ್ಟು ನಾ ಎಲ್ಲೂ ಬರಾಂಗಿಲ್ಲ." ಇನ್ನು ಉಳಿದದ್ದು ಮರ ಕಡಿಸುವುದು. ಬೀಳಗಿಯಿಂದ ಮರ ಕಡಿಯುವವನನ್ನು ಕರೆಸಿದೆ. ಅವನು ಹಗ್ಗ ಬಿಚ್ಚುವಷ್ಟರಲ್ಲಿ ಮಾಮಾ ಗುಂಡಿಯೊಳಗೆ ಇಳಿದು ಕುಳಿತ.

"ಮೊದಲ ನನ್ನ ಕಡಿ, ಆಮ್ಯಾಲ ಗಿಡಾ ಕಡಿ!"

"ಏಳ್ರಿ ಯಜಮಾನ್ರ, ನನಗ ಹೊತ್ತಾಕ್ಕೈತಿ" ಎಂದ ಅವನು. ಮಾಮಾ ಏಳಲಿಲ್ಲ; ಅವನನ್ನೂ ಗುಂಡಿಗೆ ಇಳಿಸಿಕೊಂಡ! ನಾನು ಚಹಾ ಮಾಡಿ ತರುವಷ್ಟರಲ್ಲಿ ಇಬ್ಬರೂ ಬೇರು ಹಿಡಿದು ಕುಳಿತಿದ್ದರು. ಕಡಿಯಲು ಬಂದವನು ತನ್ನ ಮನೆಯ ತೆಂಗಿಗೆ ಪೈಪು ಎಷ್ಟು ದೂರ ಇಡಬೇಕೆಂದು ವಿಚಾರಿಸುತ್ತಿದ್ದ. ಚಹಾ ಕುಡಿದು, ಕೊಡಲಿ ಹೆಗಲಿಗೇರಿಸಿ, ನನಗೇ "ಗಿಡಾ ಕಡಿಸಬ್ಯಾಡ್ರಿ ಅಕ್ಕಾರ" ಎಂದು ಬುದ್ಧಿ ಹೇಳಿ ಹೋದ. ನನ್ನ ಮೈಯೆಲ್ಲ ಉರಿದುಹೋಯಿತು.

ಅಂದಿನಿಂದ ಚಿಕಿತ್ಸೆ ಶುರು. ಪೈಪನ್ನು ಆಚೆ ಬದಿಗೆ ಎಳೆದು, ಬೊಡ್ಡೆಯಿಂದ ದೂರದಲ್ಲಿ ಹನಿ ಬಿಟ್ಟ. ಬೇರು ಬಂತೇ ಎಂದು ನೋಡಲು ಅಲ್ಲೊಂದು ಗುಂಡಿ, ಇಲ್ಲೊಂದು ಗುಂಡಿ. ನಾನು ಕಲಿಸುವ ಶಾಲೆಯ ಮುಖ್ಯೋಪಾಧ್ಯಾಯಿನಿ ದೊಡ್ಡಬಾಯಿಯವರು ಅವ್ವನನ್ನು ನೋಡಲು ಬಂದು, ಸೀರೆ ಸಮೇತ ಅದರಲ್ಲೊಂದಕ್ಕೆ ಬಿದ್ದರು. ಮಾಮಾ ಗಾಬರಿಯಿಂದ ಓಡಿಬಂದು ಕೂಗಿದ, "ಹುಷಾರ್ರೀ ಬಾಯಾರ! ಬೇರ ತುಳದೀರಿ!" ಮರುದಿನ ಶಾಲೆಯಲ್ಲಿ ನಾನು ಹೇಗೆ ತಲೆ ಎತ್ತಲಿ, ನೀವೇ ಹೇಳಿ?

ಈ ವರ್ಷ ಮತ್ತೆ ಮೋಡ ಕಟ್ಟತೊಡಗಿತು. ಮೊದಲ ಗಾಳಿಗೇ ಗರಿಗಳು ಕೋಣೆಯ ಹಂಚನ್ನು ಕೆರೆದವು. ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು.

"ನಿನ್ನ ಬೇರ ಬರೂದ್ರಾಗ ಗಿಡಾ ಅವ್ವನ ಮ್ಯಾಲ ಬಿದ್ರ? ಬೇರ ಬೇರ ಅಂತ ಸಾಯತಿ, ಒಡಹುಟ್ಟಿದಾಕಿ ಕಾಣಸೂದಿಲ್ಲೇನ ನಿನಗ? ನಾಳೆ ನಾ ಕಡಸಾಕಿನ!"

ಊರಿಗೇ ಕೇಳುವ ಹಾಗೆ ಕೂಗಿದೆ. ಮಾಮಾ ಧೋತರಕ್ಕೆ ಕೈ ಒರೆಸಿಕೊಂಡು ತನ್ನ ಮನೆಗೆ ಹೋದ.

ಮರುದಿನ ಶಾಲೆಯಿಂದ ಬಂದು ನೋಡಿದರೆ ಅವ್ವನ ಮಂಚದ ಮೇಲೆ ಅವ್ವ ಇಲ್ಲ! ಅಲ್ಲಿ ಗೋಡೆಗೆ ಮುಖ ಮಾಡಿ ಮಾಮಾ ಮಲಗಿದ್ದ. ಅಷ್ಟರಲ್ಲಿ ಪಕ್ಕದ ಮನೆಯಿಂದ, ಅವನ ಅಡುಗೆಮನೆಯ ಹೊಲಸನ್ನು ಬೈಯುವ ಅವ್ವನ ದನಿ ಕೇಳಿಸಿತು.

"ಬ್ಯಾಡಂದ ಬಾಯಿ ಮಾಡಿದ್ಲು. ಕುರ್ಚಿ ಸಮೇತ ಎತಗೊಂಡ ಹೋದೆ" ಎಂದ ಮಾಮಾ.

"ಅದು ಸರಿ. ನೀ ಯಾಕ ಇಲ್ಲಿ ಮಲಗೀದಿ?"

"ಪೈಪ ಕಟ್ಟಿದಾಂವ ನಾ ಅಲ್ಲೇನಬೇ? ಬಿದ್ರ ನನ್ನ ಮ್ಯಾಲ ಬೀಳಲಿ."

ಬೈಯಬೇಕೆಂದು ಬಾಯಿ ತೆರೆದೆ. ಅಳು ಬಂತು. ವರ್ಷವಿಡೀ ಇವನ ಮೇಲೆ ಹರಿಹಾಯ್ದಿದ್ದೆನಲ್ಲ. ಇವನಿಗೆ ಏನಾದರೂ ಆದರೆ ಎಂಬ ಭಯ ಒಮ್ಮೆಯೂ ನನ್ನ ತಲೆಗೆ ಬಂದಿರಲಿಲ್ಲ.

"ಏಳು ಮಾಮಾ. ಗಿಡಾ ಇರಲಿ. ಕ್ವಾಣಿ ಬಿದ್ರ ಬೀಳಲಿ. ನೀ ಏಳು."

ಗೊಣಗುತ್ತಾ ಎದ್ದ. ಕೋಣೆಗೆ ಬೀಗ ಹಾಕಿದೆ. ಅಂಗಳದ ತುಂಬ ಅವನೇ ತೋಡಿದ ಗುಂಡಿಗಳು. ಅವನ ಕೈ ಗಟ್ಟಿಯಾಗಿ ಹಿಡಿದುಕೊಂಡು, ಅವ್ವನಿದ್ದಲ್ಲಿಗೆ ನಿಧಾನವಾಗಿ ನಡೆಸಿಕೊಂಡು ಹೋದೆ.