ಅರಸನಿಗೆ ನಾನು ಕೊಟ್ಟ ಕುದುರೆ

ಬೇರೆಯವರ ತಪ್ಪು ತಿದ್ದುವುದರಲ್ಲಿರುವ ಸುಖ ನನಗೆ ಊಟದಲ್ಲೂ ಸಿಕ್ಕಿಲ್ಲ ಎಂದರೆ ನೀವು ನನ್ನನ್ನು ಕೆಟ್ಟವನೆಂದುಕೊಳ್ಳಬಹುದು. ಆದರೂ ಒಪ್ಪಿಕೊಳ್ಳುತ್ತೇನೆ. ಮದುವೆಗೆ ಕರೆಯಲು ಬಂದವರ ಕೈಯಿಂದ, ಸುಲ್ತಾನ್‌ಪೇಟೆಯಲ್ಲಿ ಅಚ್ಚು ಹಾಕಿಸಿದ ಲಗ್ನಪತ್ರಿಕೆ ತೆಗೆದುಕೊಂಡು, ಅವರೆದುರಿಗೇ ಒತ್ತಕ್ಷರ ಸರಿಮಾಡಿ ವಾಪಸು ಕೊಟ್ಟವನು ನಾನು. ಅವರು ಅದನ್ನು ಜೇಬಿಗಿಟ್ಟುಕೊಂಡು ಹೊರಟೇಹೋದರು. ಆ ಮದುವೆಯ ಊಟ ತಪ್ಪಿದ್ದನ್ನು ನನ್ನ ಹೆಂಡತಿ ಇಂದಿಗೂ ಮರೆತಿಲ್ಲ.

ಇಂಥವನಿಗೆ ಚಾಮರಾಜಪೇಟೆಯ ಒಂದು ಅಚ್ಚುಕೂಟದಲ್ಲಿ ಕರಡು ತಿದ್ದುವ ಕೆಲಸ ಸಿಕ್ಕಿತ್ತು. ದೇಶಕ್ಕೆ ಸ್ವಾತಂತ್ರ್ಯ ಬಂದ ಹೊಸತು. ನನ್ನ ಕೆಲಸ ಮಾತ್ರ ಇನ್ನೂ ಕಾಯಂ ಆಗಿರಲಿಲ್ಲ. ಯಜಮಾನರಾದ ಬಸಪ್ಪನವರು ಕೇಳಿದಾಗಲೆಲ್ಲ "ಆಗತ್ತೆ, ಆಗತ್ತೆ" ಎನ್ನುತ್ತಿದ್ದರು. ಕೊನೆಗೊಂದು ದಿನ, ನಿವೃತ್ತ ಪಾದ್ರಿ ಸಮುವೇಲಪ್ಪನವರು ಬರೆದ ಪುಸ್ತಕದ ಕರಡನ್ನು ಮುಂದಿಟ್ಟು, "ಇದು ಒಂದೂ ತಪ್ಪಿಲ್ದೆ ಬರ್ಲಿ, ಕಾಯಂ ಮಾಡ್ಬಿಡ್ತೀನಿ" ಎಂದರು.

ಪುಸ್ತಕ ಹೀಬ್ರೂ ಪ್ರವಾದಿಗಳನ್ನು ಕುರಿತದ್ದು. ರಾಜ್ಯ ಕಳೆದುಕೊಂಡು ನೊಂದ ಜನಕ್ಕೆ ಆ ಪ್ರವಾದಿಗಳು, ಒಬ್ಬ ಅರಸ ಬಂದೇ ಬರುತ್ತಾನೆಂದು ತಲೆಮಾರುಗಟ್ಟಲೆ ಧೈರ್ಯ ಹೇಳುತ್ತಾರೆ. ಬಸಪ್ಪನವರ "ಆಗತ್ತೆ"ಯನ್ನೇ ನಂಬಿಕೊಂಡಿದ್ದ ನನಗೆ ಆ ಜನರ ಮೇಲೆ ವಿಶೇಷ ಮಮತೆ ಹುಟ್ಟಿತು. ಕಣ್ಣು ಒದ್ದೆ ಮಾಡಿಕೊಂಡು ಓದಿದೆ. ಕೊನೆಗೂ ಒಬ್ಬ ಪ್ರವಾದಿಯ ಮಾತಿನಲ್ಲಿ ಅರಸ ಬಂದ. ನೋಡಿದರೆ ಕತ್ತೆಯ ಮೇಲೆ ಕೂತಿದ್ದಾನೆ. ನಮ್ಮ ಕಡೆ ತಲೆ ಬೋಳಿಸಿ ಕತ್ತೆಯ ಮೇಲೆ ಮೆರವಣಿಗೆ ಮಾಡಿಸುವುದು ಕಳ್ಳನಿಗೆ. ನಮ್ಮ ಮಹಾರಾಜರು ಏರುವುದು ಆನೆ. ಮುಂದೆ ಬರಬೇಕಾದ ಕಲ್ಕಿಗೂ ಬಿಳಿಯ ಕುದುರೆಯೇ. ಇದು ಅಚ್ಚಿನ ಮೊಳೆ ಜೋಡಿಸುವವನ ಕೈವಾಡವೆಂದು ತೀರ್ಮಾನಿಸಿ, ಪುಟದುದ್ದಕ್ಕೂ 'ಕತ್ತೆ' ಹೊಡೆದು 'ಕುದುರೆ' ಮಾಡಿದೆ. ಹಸ್ತಪ್ರತಿ ತೆಗೆದು ನೋಡುವಷ್ಟು ವ್ಯವಧಾನ ನನಗಿರಲಿಲ್ಲ.

ಪುಸ್ತಕ ಹೊಲಿದು ಸಿದ್ಧವಾದ ದಿನ ಸಮುವೇಲಪ್ಪನವರು ಮಾವಳ್ಳಿಯಿಂದ ನಡೆದೇ ಬಂದರು. ಒಂದು ಪ್ರತಿ ಬಿಡಿಸಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು.

"ಕತ್ತೆ ಎಲ್ಲಿ ಹೋಯ್ತು ಸ್ವಾಮಿ?"

"ಅರಸನಿಗೆ ಅದು ಮರ್ಯಾದೆ ಅಲ್ಲ ಅಂತ..." ಎಂದೆ.

"ಯುದ್ಧಕ್ಕೆ ಹೋಗೋನು ಕುದುರೆ ಹತ್ತುತಾನೆ. ಇವನು ಯುದ್ಧ ನಿಲ್ಸೋಕೆ ಬರೋನು, ಅದಕ್ಕೇ ಕತ್ತೆ. ಮುಂದಿನ ಸಾಲು ಓದಿದ್ರಾ? ಊರಲ್ಲಿರೋ ಯುದ್ಧದ ಕುದುರೆನೆಲ್ಲ ಇಲ್ಲದ ಹಾಗೆ ಮಾಡ್ತಾನೆ ಅಂತಿದೆ. ನೀವು ಅವನನ್ನೇ ಕುದುರೆ ಮೇಲೆ ಕೂರಿಸಿದೀರಿ." ಅವರ ದನಿ ತಗ್ಗಿತು. "ಪ್ರವಾದಿ ಹೀಗೆ ಹೇಳಿ ಎಷ್ಟೋ ನೂರು ವರ್ಷ ಆದ್ಮೇಲೆ ಯೇಸುಸ್ವಾಮಿ ಕತ್ತೆ ಮೇಲೆ ಊರೊಳಗೆ ಬಂದ್ರು. ಇವರೇ ಆ ಅರಸ ಅಂತ ಯಾರೂ ಬಾಯಿಬಿಟ್ಟು ಹೇಳ್ಬೇಕಾಗ್ಲಿಲ್ಲ, ಕತ್ತೆ ನೋಡಿದ್ದೇ ಜನಕ್ಕೆ ಆ ಹಳೇ ಮಾತು ನೆನಪಾಯ್ತು. ನನ್ನ ಪುಸ್ತಕ ಪೂರ್ತಿ ನಿಂತಿರೋದು ಆ ಕತ್ತೆ ಮೇಲೆ."

ನನಗೆ ನಿಜಕ್ಕೂ ನಾಚಿಕೆಯಾಯಿತು. ಬಸಪ್ಪನವರು "ನಾಳೆಯಿಂದ ನೀವು ಬರ್ಬೇಡಿ" ಎಂದರು. ತಡೆದವರು ಸಮುವೇಲಪ್ಪನವರೇ. "ಬಿಡಿ ಬಸಪ್ಪನವ್ರೆ, ನನ್ನ ಅರಸನಿಗೆ ಮರ್ಯಾದೆ ಕೊಡೋಕೆ ಹೋಗಿ ಕೆಟ್ಟಿದಾರೆ. ಪ್ರತಿ ಪುಸ್ತಕಕ್ಕೂ ಒಂದು ತಪ್ಪು-ಒಪ್ಪು ಚೀಟಿ ಅಂಟಿಸಿದ್ರೆ ಸಾಕು." ಯಜಮಾನರು ಒಂದು ಷರತ್ತಿನ ಮೇಲೆ ಒಪ್ಪಿದರು: ಪ್ರೆಸ್ಸಿನ ಮಾನ ಉಳಿಯಬೇಕಾದರೆ ತಪ್ಪು ಮಾಡಿದವನೆಂದು ಚೀಟಿಯಲ್ಲಿ ನನ್ನ ಹೆಸರಿರಬೇಕು. ಕಾಯಂ ವಿಷಯ ಎತ್ತುವ ಧೈರ್ಯ ನನಗೆ ಬರಲಿಲ್ಲ.

ಆ ಚೀಟಿಯ ಕರಡನ್ನೂ ನಾನೇ ನೋಡಬೇಕಾಯಿತು. 'ತಪ್ಪು: ಕುದುರೆ. ಒಪ್ಪು: ಕತ್ತೆ.' ಅದರ ಪಕ್ಕಕ್ಕೇ, ನಡುವೆ ಒಂದು ಗೆರೆಯೂ ಇಲ್ಲದೆ, ನನ್ನ ಪೂರ್ತಿ ಹೆಸರು. ಎರಡೆರಡು ಸಲ ಓದಿದೆ. ತಿದ್ದುವಂಥದ್ದೇನೂ ಕಾಣಲಿಲ್ಲ.