ಮುರಿಯಬೇಕಿದ್ದ ಬಿಲ್ಲು

ಬಿಲ್ಲು ಅಂದರೆ ಏನು? ಒಂದು ಕೋಲು, ಒಂದು ಹಗ್ಗ. ಕೋಲು ಬಗ್ಗಿಸಿ ಹಗ್ಗ ಕಟ್ಟಿದರೆ ಮುಗಿಯಿತು. ಇಷ್ಟು ಸಣ್ಣ ಕೆಲಸಕ್ಕೆ ಪುರಾಣಗಳಲ್ಲಿ ಅಷ್ಟೊಂದು ಗಲಾಟೆ ಯಾಕೆ ಎಂದು ನನಗೆ ಮೊದಲಿನಿಂದಲೂ ಅನುಮಾನವಿತ್ತು. ಹಾಗಾಗಿ ಮೊಬೈಲಿನಲ್ಲಿ ಯಾರೋ ಒಬ್ಬ ಗಡ್ಡದ ಮನುಷ್ಯ ಹನ್ನೆರಡೇ ನಿಮಿಷದಲ್ಲಿ ಮರದ ಬಿಲ್ಲು ಕೆತ್ತಿ ಬಾಣ ಬಿಟ್ಟದ್ದನ್ನು ನೋಡಿದಾಗ, ಇದು ನನ್ನ ಕೈಯಲ್ಲೂ ಆಗುವ ಕೆಲಸ ಎಂದು ಆ ಕ್ಷಣವೇ ತೀರ್ಮಾನಿಸಿದೆ. ಆ ಹನ್ನೆರಡು ನಿಮಿಷದ ನಡುವೆ ಅವನು ವಿಡಿಯೋದಿಂದ ಎಷ್ಟು ತಿಂಗಳನ್ನು ಕತ್ತರಿಸಿ ಒಗೆದಿದ್ದ ಎಂಬುದು ಆಮೇಲೆ ತಿಳಿಯಿತು.

ನಾನು ಕಾರವಾರದ ಒಂದು ಕಚೇರಿಯಲ್ಲಿ ಗುಮಾಸ್ತೆ. ತವರು ಕಿನ್ನರ ಎಂಬ ಊರು, ಗದ್ದೆ ಮಾಡುವವರು. ಮದುವೆ ಮಾಡಿ ಕೊಟ್ಟದ್ದು ಅಂಕೋಲೆಯ ಕೇಣಿಗೆ, ದೋಣಿ ರಿಪೇರಿಯ ಮನೆಗೆ. ನನ್ನ ಮಾವ ನಲವತ್ತು ವರ್ಷಗಳಿಂದ ದೋಣಿಯ ಬಿರುಕು ಮುಚ್ಚುತ್ತಿದ್ದಾರೆ. ಮೊದಲು ಮರದ ದೋಣಿ, ಈಗ ಫೈಬರ್ ದೋಣಿ. ಬಿರುಕು ಕಂಡರೆ ಅವರಿಂದ ಸುಮ್ಮನಿರಲು ಆಗುವುದಿಲ್ಲ. ಮದುವೆಮನೆಯಲ್ಲಿ ಊಟಕ್ಕೆ ಕೂತರೂ ಬೆಂಚಿನ ಬಿರುಕಿಗೆ ಬೆರಳು ಹಾಕಿ ನೋಡುತ್ತಾರೆ. ನಮ್ಮ ಮನೆಯ ಬಕೆಟ್ಟು, ಬಚ್ಚಲ ಬಾಗಿಲು, ಟಿವಿಯ ರಿಮೋಟು, ಕೊನೆಗೆ ಅತ್ತೆಯ ಚಪ್ಪಲಿಯ ಮೇಲೂ ಫೈಬರ್ ತೇಪೆ ಇದೆ. ಇದನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ನಾನು ನೆನಪಿಟ್ಟುಕೊಳ್ಳಲಿಲ್ಲ.

ಮೊದಲನೆಯ ಬಿಲ್ಲಿಗೆ ಕಡಲ ದಂಡೆಯಲ್ಲಿ ಬಿದ್ದಿದ್ದ ಗಾಳಿಮರದ ಕೊಂಬೆ ತಂದೆ. ಮಾವ ಅದನ್ನು ಉಗುರಿನಿಂದ ಗೀರಿ, ಹಸಿ ಮರ, ಒಣಗಲು ಬಿಡು ಎಂದರು. ಒಣಗಿಸುವ ಮಾತು ವಿಡಿಯೋದಲ್ಲಿ ಇರಲಿಲ್ಲ. ಭಾನುವಾರ ಬೆಳಿಗ್ಗೆ ಕೂತು ಮಧ್ಯಾಹ್ನದೊಳಗೆ ಕೆತ್ತಿ, ಬಗ್ಗಿಸಿ, ಬಲೆಯ ಹುರಿ ಕಟ್ಟಿದೆ. ಎಷ್ಟು ಚೆಂದ ಬಾಗಿತೆಂದರೆ, ಹುರಿ ಬಿಚ್ಚಿದರೂ ಹಾಗೇ ಬಾಗಿ ನಿಂತಿತು! ಮರುದಿನ ನೆಟ್ಟಗೆ ಮಾಡಲು ಹೋದೆ. ಲಟಕ್ ಎಂದಿತು.

ಎರಡನೆಯದಕ್ಕೆ ಒಣಗಿದ ಮರವೇ ಬೇಕೆಂದು ಹಠ ಹಿಡಿದು ಮಾವನ ಕೊಟ್ಟಿಗೆಯಿಂದ ಹಳೇ ದೋಣಿಯ ಹಲಗೆ ಎಳೆದೆ. ಮೂವತ್ತು ವರ್ಷ ಸಮುದ್ರ ಕಂಡ ಹಲಗೆ. ಅದರ ತುಂಬ ಮೊಳೆಯ ತೂತು. ಬಗ್ಗಿಸಿದ ಕೂಡಲೇ ಸದರಿ ಹಲಗೆಯು ಮೇಲ್ಕಾಣಿಸಿದ ತೂತುಗಳ ಪೈಕಿ ಒಂದರಲ್ಲಿ ಎರಡಾಯಿತು.

ಮೂರನೆಯದು ತವರಿನಿಂದ ತಂದ, ಅಡಿಕೆ ಮರ ಸೀಳಿದ ದಬ್ಬೆ. ಬಿಲ್ಲಿನ ಎರಡು ತೋಳೂ ಸಮ ಬಾಗಬೇಕು, ಅದೇ ಈ ವಿದ್ಯೆಯ ಗುಟ್ಟು. ಎಡಗಡೆ ಬಿಗಿಯೆಂದು ಎಡಗಡೆ ಹೆರೆದೆ. ಆಗ ಬಲಗಡೆ ಬಿಗಿಯಾಯಿತು. ಬಲಗಡೆ ಹೆರೆದೆ. ಬೆಕ್ಕುಗಳ ಬೆಣ್ಣೆ ಪಾಲು ಮಾಡಿದ ಮಂಗನ ಹಾಗೆ ಎಂಟು ದಿನ ಹೆರೆದು ಹೆರೆದು, ಕೊನೆಗೆ ನನ್ನ ಕೈಯಲ್ಲಿ ಉಳಿದದ್ದು ಪೊರಕೆಯ ಹಿಡಿಕಡ್ಡಿಗಿಂತ ಒಂಚೂರು ದಪ್ಪದ ಒಂದು ವಸ್ತು. ಅದು ಮುರಿಯುವಾಗ ಸದ್ದು ಕೂಡ ಮಾಡಲಿಲ್ಲ.

ಪ್ರತಿ ಸಲ ಮುರಿದಾಗಲೂ ಮಾವ ಎರಡು ತುಂಡನ್ನೂ ಕೈಯಲ್ಲಿ ಹಿಡಿದು, ಕೂಡಿಸಿ ನೋಡಿ, ಒಂದು ಪಟ್ಟಿ ಹಾಕಿಕೊಡುತ್ತೇನೆ ಎನ್ನುತ್ತಿದ್ದರು. ನಾನು ಪ್ರತಿ ಸಲವೂ ಸಿಟ್ಟಿನಿಂದ ಬೇಡವೆಂದೆ. ತೇಪೆ ಹಾಕಿದ ಬಿಲ್ಲು ನನ್ನ ಬಿಲ್ಲು ಹೇಗಾದೀತು? ಆದರೆ ನನ್ನ ಸಿಟ್ಟಿಗೆ ಊರಿನಲ್ಲಿ ಬೆಲೆ ಇರಲಿಲ್ಲ. ಬಸ್ಸಿನಲ್ಲಿ ಮೀನಿನ ಬುಟ್ಟಿ ಹಿಡಿದು ಕೂತ ಹೆಂಗಸರು ನಾನು ಹತ್ತಿದ ಕೂಡಲೇ, ಇವತ್ತಿನದು ಮುರಿಯಿತಾ ಎಂದು ವಿಚಾರಿಸುತ್ತಿದ್ದರು. ಊಟ ಆಯಿತಾ ಎಂದು ಕೇಳುವಷ್ಟೇ ಸಹಜವಾಗಿ!

ಹೀಗಿರುವಾಗ ನಮ್ಮ ಕೇರಿಯ ಸಾರ್ವಜನಿಕ ಸತ್ಯನಾರಾಯಣ ಪೂಜೆ ಬಂತು. ಪೂಜೆಗೆ ಪ್ರತಿ ವರ್ಷ ನಾಟಕ, ಈ ವರ್ಷ ಸೀತಾ ಸ್ವಯಂವರ. ಅದನ್ನು ಆಡಿಸುವ ನಿವೃತ್ತ ಮಾಸ್ತರರು ಒಂದು ಸಂಜೆ ನಮ್ಮ ಜಗಲಿಗೆ ಬಂದು ಕೂತು, ಚಹಾ ಕುಡಿದು, ವಿಷಯಕ್ಕೆ ಬಂದರು.

"ಶಿವಧನುಸ್ಸು ಒಂದು ಬೇಕಾಗ್ಯದೆ. ಸ್ಟೇಜಿನ ಮೇಲೆ ಎಲ್ಲರ ಎದ್ರಿಗೆ ಮುರೀಬೇಕು. ಅದು ಊರಲ್ಲಿ ನಿಮಗೆ ಬಿಟ್ರೆ ಯಾರಿಗೂ ಬರೂದಿಲ್ಲಾ," ಎಂದರು.

ಅವರ ಮುಖದಲ್ಲಿ ಕುಹಕ ಇದ್ದಿದ್ದರೆ ಕ್ಷಮಿಸುತ್ತಿದ್ದೆ. ಇರಲಿಲ್ಲ. ಮನಸ್ಸಿನಿಂದ ಹೊಗಳುತ್ತಿದ್ದರು! ನನ್ನ ಗಂಡ ವಿನಾಯಕ, ಅದೇ ನಾಟಕದ ಪರಶುರಾಮ, ಲೋಟದೊಳಗೆ ಮುಖ ಹುದುಗಿಸಿ ನಗುತ್ತಿದ್ದ. ನನಗೆ ಮೈಯೆಲ್ಲ ಉರಿಯಿತು. ಆ ಉರಿಯಲ್ಲೇ ಒಪ್ಪಿಕೊಂಡೆ.

ಇಷ್ಟು ದಿನ ಬಿಲ್ಲುಗಳು ಅವುಗಳ ಇಚ್ಛೆಯಂತೆ ಮುರಿದಿದ್ದವು. ಇದು ನನ್ನ ಇಚ್ಛೆಯಂತೆ ಮುರಿಯಬೇಕು. ನಾನು ಹೇಳಿದ ಜಾಗದಲ್ಲಿ, ನಾನು ಹೇಳಿದ ನಿಮಿಷಕ್ಕೆ. ಆಗ ಯಾರಾದರೂ ನನಗೆ ಬಿಲ್ಲು ಮಾಡಲು ಬರುವುದಿಲ್ಲ ಅನ್ನಲಿ ನೋಡೋಣ! ನನ್ನ ಮಾನ ಉಳಿಯಲು ಇನ್ನು ಅದೊಂದೇ ದಾರಿ ಇತ್ತು.

ಈ ಸಲ ಆತುರಪಡಲಿಲ್ಲ. ಕಿನ್ನರದಿಂದ ಚೆನ್ನಾಗಿ ಒಣಗಿದ ದಪ್ಪ ದಬ್ಬೆ ತಂದೆ. ಎರಡು ತೋಳೂ ಸಮ ಬಾಗಿದವು, ಮೊದಲ ಸಲ! ಆಮೇಲೆ ಎದೆ ಕಲ್ಲು ಮಾಡಿಕೊಂಡು ಹಿಡಿಕೆಯ ನಡುವೆ ಮುಕ್ಕಾಲು ಪಾಲು ಗರಗಸದಿಂದ ಕೊಯ್ದು, ಮೇಲೆ ಬಂಗಾರದ ಕಾಗದ ಸುತ್ತಿದೆ. ಇನ್ನೊಂದು ತುಂಡಿಗೆ ಹಾಗೇ ಕೊಯ್ದು ಪರೀಕ್ಷೆ ಮಾಡಿದೆ. ಮುಟ್ಟಿದರೆ ಮುರಿಯುತ್ತಿತ್ತು. ಕೊಯ್ದ ಗುಟ್ಟು ಮಾಸ್ತರರಿಗೆ ಮತ್ತು ನನಗೆ ಮಾತ್ರ ಗೊತ್ತು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಹೇಳಿದರೆ ಗಂಡ ನಾಟಕಕ್ಕೆ ಮೊದಲೇ ಊರೆಲ್ಲ ಹೇಳಿಬಿಡುತ್ತಾನೆ. ಪೂಜೆಯ ಹಿಂದಿನ ದಿನ ಬಿಲ್ಲನ್ನು ಜಗಲಿಯ ಗೋಡೆಗೆ ಒರಗಿಸಿಟ್ಟು ನಿಶ್ಚಿಂತೆಯಿಂದ ಕಾರವಾರದ ಬಸ್ಸು ಹತ್ತಿದೆ.

ನಾಟಕದ ಸಂಜೆ ಮುಂದಿನ ಸಾಲಿನಲ್ಲಿ ಮಾವ, ಅತ್ತೆ, ನಾನು. ರಾಮ ನಮ್ಮೂರಿನ ವಿಮೆ ಏಜೆಂಟ್ ರಮಾಕಾಂತ. ವಯಸ್ಸು ನಲವತ್ತೆಂಟು, ಹೊಟ್ಟೆಯ ಮೇಲೆ ಪೀತಾಂಬರ ನಿಲ್ಲುವುದೇ ಕಷ್ಟ. ಅವನು ಗುರುಗಳಿಗೆ ನಮಸ್ಕರಿಸಿ, ಬಿಲ್ಲೆತ್ತಿ, ಹೆದೆ ಹಿಡಿದು ಎಳೆದ. 

ಬಿಲ್ಲು ಬಾಗಿತು. ಬಹಳ ಚೆಂದ ಬಾಗಿತು. ಮುರಿಯಲಿಲ್ಲ.

ಪರದೆಯ ಹಿಂದೆ ಪಟಾಕಿ ಹಚ್ಚಲು ಕೂತವನಿಗೆ ಇದು ಹೇಗೆ ಗೊತ್ತಾಗಬೇಕು? ರಾಮ ಎಳೆದ ಕೂಡಲೇ ಹಚ್ಚು ಎಂದು ಹೇಳಿದ್ದರು, ಹಚ್ಚಿದ. ಢಮಾರ್ ಎಂದಿತು. ಮೇಲಿನಿಂದ ಹೂವು ಸುರಿಯಿತು. ಜನಕ ಮಹಾರಾಜ "ಆಹಾ, ಮುರಿಯಿತೇ ಶಿವಧನುಸ್ಸು" ಎಂದು ಕಣ್ಣೊರೆಸಿಕೊಂಡ. ರಾಮ ಇನ್ನೂ ಎಳೆಯುತ್ತಲೇ ಇದ್ದ. ಸೀತೆ ಹಾರ ಹಿಡಿದು ಎರಡು ಹೆಜ್ಜೆ ಬಂದವಳು ಒಂದು ಹೆಜ್ಜೆ ಹಿಂದೆ ಸರಿದಳು.

ಪಟಾಕಿಯ ಸದ್ದು ಕೇಳಿದರೆ ಪರಶುರಾಮ ಬರಬೇಕು, ಅದೂ ಮೊದಲೇ ಗೊತ್ತುಮಾಡಿದ್ದು. ನನ್ನ ಗಂಡ ಗಡ್ಡ ಅಲ್ಲಾಡಿಸುತ್ತ, ಕೊಡಲಿ ಎತ್ತಿ ನುಗ್ಗಿ ಬಂದು ಗರ್ಜಿಸಿದ. "ಯಾರವನು, ನನ್ನ ಗುರುವಿನ ಧನುಸ್ಸನ್ನು ಮುರಿದವನು?"

ಎದುರಿಗೆ ರಾಮ, ಕೈಯಲ್ಲಿ ಇಡೀ ಬಿಲ್ಲು.

ಹೆಂಗಸರ ಸಾಲಿನಿಂದ ಒಬ್ಬಳು ಸಮಾಧಾನವಾಗಿ ಹೇಳಿದಳು. "ಯಾರೂ ಮುರೀಲಿಲ್ಲಾ ವಿನಾಯ್ಕಾ. ನೀ ಮನೆಗೆ ಹೋಗು."

ಮಂಟಪವೇ ಹಾರಿಹೋಗುವಂತೆ ನಕ್ಕರು. ಹಿಂದಿನಿಂದ ಯಾರೋ, ಕೊಡಲಿ ಇದೆಯಲ್ಲ, ಅದರಿಂದಲೇ ಒಂದು ಹಾಕು ಎಂದು ಸಲಹೆ ಕೊಟ್ಟರು. ಕೊಡಲಿ ರಟ್ಟಿನದು! ಗಾಬರಿಯಲ್ಲಿ ನನ್ನ ಗಂಡ ಅದನ್ನೂ ಮಾಡಿದ. ಕೊಡಲಿ ಮುರಿಯಿತು. ಆಮೇಲೆ ರಾಮ ಒಂದು ತುದಿ, ಪರಶುರಾಮ ಒಂದು ತುದಿ ಹಿಡಿದು ಬಲೆ ಎಳೆಯುವವರ ಹಾಗೆ ಜಗ್ಗಿದರು. ರಮಾಕಾಂತ ಬಿಲ್ಲನ್ನು ಮೊಣಕಾಲಿಗೆ ಹೊಡೆದುಕೊಂಡು, ತ್ರೇತಾಯುಗದಲ್ಲಿ ಬಳಕೆಯಲ್ಲಿರದ ಒಂದು ಕೊಂಕಣಿ ಶಬ್ದ ಮೈಕಿನಲ್ಲಿ ಹೇಳಿದ. ಮಾಸ್ತರರು ಪರದೆ ಎಳೆದರು.

ನಾನು ಮುಖ ಎಲ್ಲಿ ಇಟ್ಟುಕೊಳ್ಳಬೇಕು? ಮುರಿಯಬಾರದ ಮೂರು ಮುರಿದವು, ಮುರಿಯಬೇಕಾದ ಒಂದು ಮುರಿಯಲಿಲ್ಲ! ಮುಕ್ಕಾಲು ಪಾಲು ಕೊಯ್ದ ಮರ ಹೀಗೆ ನಿಲ್ಲುವುದುಂಟೇ? ಯಾರೋ ಬಿಲ್ಲು ಬದಲಿಸಿದ್ದಾರೆ, ಇದು ನನ್ನ ಮೇಲಿನ ಹೊಟ್ಟೆಕಿಚ್ಚು ಎಂದು ನನಗೆ ಖಾತ್ರಿಯಾಯಿತು. ಯಾರೆಲ್ಲರ ಮೇಲೆ ಅನುಮಾನ ಎಂದು ಮನಸ್ಸಿನಲ್ಲೇ ಪಟ್ಟಿ ಮಾಡತೊಡಗಿದೆ. ಅಷ್ಟರಲ್ಲಿ ಪಕ್ಕದಲ್ಲಿ ಏನೋ ಸದ್ದಾಯಿತು. ತಿರುಗಿ ನೋಡಿದರೆ ಮಾವ ಚಪ್ಪಾಳೆ ತಟ್ಟುತ್ತಿದ್ದರು. ಇಡೀ ಮಂಟಪದಲ್ಲಿ ಅವರೊಬ್ಬರೇ. ಕಣ್ಣಲ್ಲಿ ನೀರಿತ್ತು.

"ಬಿರುಕು ಬಿಟ್ಟಿತ್ತು ಮಗಾ. ಕಾಗದದ ಅಡಿಗೆ ಆಗಿತ್ತು, ನೀ ಕಂಡಿರಲಿಲ್ಲಾ," ಎಂದು ನನ್ನ ಕಡೆ ಬಾಗಿ ಮೆಲ್ಲಗೆ ಹೇಳಿದರು. "ನಿನ್ನೆ ನೀ ಆಫೀಸಿಗೆ ಹೋದ ಮೇಲೆ ಬಿಚ್ಚಿ, ಒಳಗೆ ಫೈಬರ್ ಹಾಕಿ, ಉಜ್ಜಿ, ಮತ್ತೆ ಕಾಗದ ಅಂಟಿಸಿದೆ. ಮೂರು ಮುರಿದ ಮೇಲೆ ಇದೂ ಮುರಿದ್ರೆ ಊರವ್ರು ನಿನ್ನ ಎಂತಾ ಹೇಳ್ತಿದ್ರು?"

"ನಾಟಕದಲ್ಲಿ ಅದು ಮುರೀಬೇಕಿತ್ತು ಮಾವಾ," ಎಂದೆ.

"ಅದು ನಾಟಕ," ಎಂದರು ಮಾವ. "ಬಿಲ್ಲು ನಿಂದೇ ಅಲಾ."

ಎಂಥ ಸಿಟ್ಟು ಬಂತೆಂದರೆ, ಎದ್ದು ನಿಂತು ಕೂಗಬೇಕೆನಿಸಿತು. ಅದರ ಜೊತೆಗೇ ಅಳುವೂ ಬಂತು. ನನ್ನ ಮಾನ ಉಳಿಸಲು ಆ ಮನುಷ್ಯ ಇಡೀ ಒಂದು ದಿನದ ದೋಣಿ ಕೆಲಸ ಬಿಟ್ಟು ಕೂತಿದ್ದರು. ಮಾನ ಹೋದದ್ದು ಅದರಿಂದಲೇ ಎಂದು ಅವರಿಗೆ ಹೇಗೆ ಹೇಳುವುದು? ಪರದೆಯ ಹಿಂದಿನಿಂದ ರಮಾಕಾಂತ ನನ್ನನ್ನು ಕರೆಯುತ್ತಿದ್ದ. ನಾನು ಅತ್ತೆಯ ಮರೆಯಲ್ಲಿ ಬಗ್ಗಿ ಕೂತೆ.

ಆ ಬಿಲ್ಲು ಈಗ ನಮ್ಮ ಅಂಗಳದಲ್ಲಿದೆ. ಅತ್ತೆ ಅದರಿಂದ ಒಣಮೀನಿಗೆ ಬರುವ ಕಾಗೆ ಓಡಿಸುತ್ತಾರೆ. ಮಳೆ, ಬಿಸಿಲು, ಕಾಗೆ, ಯಾವುದಕ್ಕೂ ಅದು ಬಗ್ಗಿಲ್ಲ. ಮನೆಗೆ ಬಂದವರು ಇದೆಂಥದ್ದು ಎಂದು ಕೇಳಿದರೆ ಮಾವ ಅದನ್ನು ಕೈಗೆತ್ತಿಕೊಂಡು, ಎಳೆದು ತೋರಿಸಿ, ನಮ್ಮ ಸೊಸೆ ಮಾಡಿದ್ದು, ಇಬ್ಬರು ಗಂಡಸರು ಜಗ್ಗಿದರೂ ಮುರಿಯಲಿಲ್ಲ ಎನ್ನುತ್ತಾರೆ. ಬಂದವರು ನನ್ನ ಕಡೆ ನೋಡುತ್ತಾರೆ. ನಾನು ಚಹಾ ಮಾಡುವ ನೆಪದಲ್ಲಿ ಒಳಗೆ ಹೋಗುತ್ತೇನೆ.